ನಿಂತು ನುಡಿಸುವ ವಾದ್ಯ ಕುಳಿತು ನುಡಿದಾಗ

ಮದುವೆಯ ಕಾಲ ಬಂದಿತೆಂದರೆ, ಆಂಧ್ರದ ಗಡಿಗೆ ಸಮೀಪದಲ್ಲಿರುವ ಕೋಲಾರ ಜಿಲ್ಲೆಯ ಗೌನಿಪಲ್ಲಿಯಿಂದ ಹಿಡಿದು ಪಡುವಣ ಕಡಲ ದಂಡೆಯ ಮಂಗಳೂರಿನವರೆಗೆ, ಯಾವ ಊರಿನ ಚಪ್ಪರದಲ್ಲಿಯೂ ಕಿವಿಗೆ ಮೊದಲು ಬೀಳುವುದು ಓಲಗದ ದನಿಯೇ. ವರನನ್ನು ಎದುರುಗೊಳ್ಳುವಾಗ ವಾದ್ಯದವರು ನಿಂತು, ಮೆಲ್ಲಮೆಲ್ಲನೆ ನಡೆಯುತ್ತ ನುಡಿಸುತ್ತಾರೆ. ಧಾರೆಯ ಹೊತ್ತಿಗೆ ಅವರೇ ಮಂಟಪದ ಪಕ್ಕದ ಜಮಖಾನದ ಮೇಲೆ ಕಾಲು ಮಡಿಸಿ ಕುಳಿತಿರುತ್ತಾರೆ. ವಾದ್ಯ ಅದೇ, ಉಸಿರು ಅದೇ, ಒಮ್ಮೊಮ್ಮೆ ರಾಗವೂ ಅದೇ. ಆದರೂ ಕಿವಿಗೊಟ್ಟು ಕೇಳಿದವರಿಗೆ ನಾದದಲ್ಲಿ ಏನೋ ಒಂದು ವ್ಯತ್ಯಾಸ ತೋರುತ್ತದೆ. ಬೀದಿಯಲ್ಲಿ ಹರಡಿಹೋಗಿದ್ದ ದನಿ ಮಂಟಪದಲ್ಲಿ ಒಂದೆಡೆ ಕೂಡಿಕೊಂಡಂತೆ ಭಾಸವಾಗುತ್ತದೆ.

ಇದು ಬಯಲಿಗೂ ಛಾವಣಿಗೂ ಇರುವ ಭೇದ ಮಾತ್ರವೇ? ಅಥವಾ ನುಡಿಸುವವನು ನಿಂತಿದ್ದಾನೆಯೋ ಕುಳಿತಿದ್ದಾನೆಯೋ, ಅವನ ಕೊರಳು ಬಾಗಿದೆಯೋ ನೆಟ್ಟಗಿದೆಯೋ ಎಂಬುದಕ್ಕೂ ನಾದಕ್ಕೂ ಸಂಬಂಧವುಂಟೇ?

ಈ ಪ್ರಶ್ನೆಗೆ ಉತ್ತರ ಹುಡುಕಲು ನಾದಸ್ವರಕ್ಕಿಂತ ಅನುಕೂಲವಾದ ವಾದ್ಯವೊಂದು ನಮ್ಮ ನಡುವೆಯೇ ಇದೆ. ಕೊಕ್ಕರೆಯ ಕತ್ತಿನಂತೆ ಬಾಗಿ, ಕೆಳಗೆ ತಿರುಗಿ, ಮತ್ತೆ ಮೇಲಕ್ಕೆ ಹೂವಿನಂತೆ ಅರಳುವ ಹಿತ್ತಾಳೆಯ ಸ್ಯಾಕ್ಸೊಫೋನು! ನಿಂತವರ ಕೈಯಲ್ಲಿ ಹುಟ್ಟಿ, ಕುಳಿತವರ ಮಡಿಲಲ್ಲಿ ಬೆಳೆದ ಈ ವಾದ್ಯದ ಕಥೆ ಕನ್ನಡಿಗರಿಗೆ ಬಹು ಆಪ್ತವಾದುದು. ಅದನ್ನು ನೆಲದ ಮೇಲೆ ಕುಳ್ಳಿರಿಸಿ, ತ್ಯಾಗರಾಜರ ಕೃತಿಗಳನ್ನು ನುಡಿಸಿ, ಲೋಕವನ್ನೇ ಬೆರಗುಗೊಳಿಸಿದವರು ಕನ್ನಡ ನಾಡಿನವರೇ ಆದ ಕದ್ರಿ ಗೋಪಾಲನಾಥರು.

ದಂಡಿನ ವಾದ್ಯ

ಸ್ಯಾಕ್ಸೊಫೋನಿನ ಜನಕ ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್. 1814ರಲ್ಲಿ ದಿನಾಂ ಎಂಬ ಊರಿನಲ್ಲಿ ಹುಟ್ಟಿದ ಈತನ ತಂದೆಯೂ ವಾದ್ಯಗಳನ್ನು ತಯಾರಿಸುವ ಕುಶಲಿ. ಹಿತ್ತಾಳೆ ತುತ್ತೂರಿಗಳ ಗಟ್ಟಿತನ ಮತ್ತು ಕ್ಲಾರಿನೆಟ್ಟಿನಂಥ ವಾದ್ಯಗಳ ಚುರುಕು ಇವೆರಡೂ ಒಂದೇ ಕೊಳವೆಯಲ್ಲಿ ದೊರೆಯಬೇಕೆಂಬುದು ಸ್ಯಾಕ್ಸನ ಹಂಬಲವಾಗಿತ್ತು. 1846ರಲ್ಲಿ ಪ್ಯಾರಿಸಿನಲ್ಲಿ ತನ್ನ ಹೊಸ ವಾದ್ಯಕ್ಕೆ ಆತ ಹಕ್ಕುಪತ್ರ ಪಡೆದ. ಫ್ರಾನ್ಸಿನ ಸೈನ್ಯದ ಬ್ಯಾಂಡುಗಳಲ್ಲಿ ಅದಕ್ಕೆ ಬಹುಬೇಗ ಸ್ಥಾನ ದೊರೆಯಿತು.

ಸೈನ್ಯದ ಬ್ಯಾಂಡಿನವರು ನಿಲ್ಲುತ್ತಾರೆ, ನಡೆಯುತ್ತಾರೆ. ಆದುದರಿಂದ ವಾದ್ಯದ ಭಾರವನ್ನು ಕೊರಳಿಗೆ ಹಾಕಿದ ಪಟ್ಟಿಯೊಂದು ಹೊರುತ್ತದೆ. ಎರಡೂ ಕೈಗಳು ಕೀಲಿಗಳ ಮೇಲೆ ಆಡಲು ಸ್ವತಂತ್ರವಾಗಿರುತ್ತವೆ. ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ‘ಆಲ್ಟೋ’ ಸ್ಯಾಕ್ಸೊಫೋನಿನ ತೂಕ ಸುಮಾರು ಎರಡೂವರೆ ಕಿಲೋಗ್ರಾಂ. ಕೈಯಲ್ಲಿ ಹಿಡಿದಾಗ ಅದೇನೂ ದೊಡ್ಡ ಭಾರವಲ್ಲ. ಆದರೆ ಮೂರು ತಾಸು ಕೊರಳಿನಲ್ಲಿ ತೂಗಿದರೆ ಅದರ ನಿಜವಾದ ತೂಕ ತಿಳಿಯುತ್ತದೆ.

ಮೈಯೆಲ್ಲ ಹಿತ್ತಾಳೆಯದಾದರೂ ಸಂಗೀತಶಾಸ್ತ್ರಜ್ಞರು ಸ್ಯಾಕ್ಸೊಫೋನನ್ನು ಕೊಳಲು, ಕ್ಲಾರಿನೆಟ್ಟುಗಳ ಬಳಗಕ್ಕೇ ಸೇರಿಸುತ್ತಾರೆ. ಇದಕ್ಕೆ ಕಾರಣವುಂಟು. ನಾದ ಹುಟ್ಟುವುದು ಲೋಹದಲ್ಲಲ್ಲ. ಬಾಯಿಗಿಡುವ ಮೌತ್‌ಪೀಸಿನ ಕೆಳಗೆ ಬಿಗಿದ ಜೊಂಡಿನ ತೆಳುವಾದ ಸೀಳಿನಲ್ಲಿ. ಕೆಳತುಟಿಯ ಮೇಲೆ ಒರಗಿರುವ ಆ ಸೀಳು ಉಸಿರು ತಗುಲಿದೊಡನೆ ಕಂಪಿಸುತ್ತದೆ. ಕೊಳವೆಯೊಳಗಿನ ಗಾಳಿಯ ಕಂಬವೂ ಅದರೊಡನೆ ಕಂಪಿಸಿ, ಸ್ವರವಾಗಿ ಹೊರಬರುತ್ತದೆ. ಬಾಯಿಯ ಬಳಿ ಕಿರಿದಾಗಿ, ತುದಿಗೆ ಹೋದಂತೆ ಅಗಲವಾಗುವ ಶಂಕುವಿನ ಆಕಾರ ಇದರ ಕೊಳವೆಯದು. ನಮ್ಮ ನಾದಸ್ವರದ ಕೊಳವೆಯೂ ಹಾಗೆಯೇ. ಆದುದರಿಂದಲೇ ಎರಡರ ನಾದದಲ್ಲಿಯೂ ಒಂದು ದೂರದ ನೆಂಟಸ್ತಿಕೆ ಕೇಳಿಬರುತ್ತದೆ. ಈ ನೆಂಟಸ್ತಿಕೆಯನ್ನು ಗುರುತಿಸುವ ಕಿವಿಯೊಂದು ಬೇಕಾಗಿತ್ತು, ಅಷ್ಟೇ.

ಅರಮನೆಯಿಂದ ಕಛೇರಿಗೆ

ಆ ಕಿವಿ ದೊರೆತದ್ದು ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ. 1949ರಲ್ಲಿ ಅಲ್ಲಿ ಜನಿಸಿದ ಗೋಪಾಲನಾಥರ ತಂದೆ ತನಿಯಪ್ಪನವರು ನಾದಸ್ವರ ವಾದಕರು. ಮಗನ ಮೊದಲ ಪಾಠವೂ ನಾದಸ್ವರದಲ್ಲಿಯೇ ಆಯಿತು. ಒಮ್ಮೆ ಮೈಸೂರಿಗೆ ಹೋದಾಗ, ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನು ನುಡಿಯುವುದನ್ನು ಬಾಲಕ ಕೇಳಿದ. ಹಾಗೆ ಕೇಳಿದ ದನಿ ಮತ್ತೆ ಅವನನ್ನು ಬಿಡಲಿಲ್ಲ.

ಆದರೆ ಮನಸ್ಸು ಒಲಿದ ಮಾತ್ರಕ್ಕೆ ವಾದ್ಯ ಒಲಿಯುವುದುಂಟೇ? ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಅವರು ಕರ್ನಾಟಕ ಸಂಗೀತವನ್ನು ಸ್ಯಾಕ್ಸೊಫೋನಿನ ಮೇಲೆ ಅಭ್ಯಾಸ ಮಾಡಿದರು. ಅನಂತರ ಮದರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರ ಮಾರ್ಗದರ್ಶನ ದೊರೆಯಿತು. ವಾದ್ಯವನ್ನು ಸಂಪೂರ್ಣವಾಗಿ ವಶಮಾಡಿಕೊಳ್ಳಲು ಸುಮಾರು 20 ವರ್ಷಗಳೇ ಹಿಡಿದುವು.

ಇಷ್ಟು ದೀರ್ಘಕಾಲ ಏಕೆ ಬೇಕಾಯಿತು? ಸ್ಯಾಕ್ಸೊಫೋನಿನ ರಂಧ್ರಗಳನ್ನು ಮುಚ್ಚುವುದು ಬೆರಳಲ್ಲ, ಕೀಲಿಗಳಿಗೆ ಅಂಟಿಸಿದ ಮೆತ್ತೆಗಳು. ಕೊಳಲಿನಲ್ಲಿ, ನಾದಸ್ವರದಲ್ಲಿ ಬೆರಳನ್ನು ರಂಧ್ರದ ಮೇಲಿಂದ ಕೂದಲೆಳೆಯಷ್ಟು ಸರಿಸಿ ಸ್ವರವನ್ನು ಜಾರಿಸಬಹುದು. ಸ್ಯಾಕ್ಸೊಫೋನಿನ ಮೆತ್ತೆಗೆ ಆ ಬೆರಳಿನ ತುದಿಯ ಸೂಕ್ಷ್ಮವಿಲ್ಲ. ಪಾಶ್ಚಾತ್ಯ ಸಂಗೀತಕ್ಕೆ ಬಿಡಿಬಿಡಿಯಾದ ಸ್ವರಗಳು ಸಾಕು. ಕರ್ನಾಟಕ ಸಂಗೀತಕ್ಕಾದರೋ ಗಮಕವಿಲ್ಲದೆ ರಾಗವೇ ಇಲ್ಲ. ಆದುದರಿಂದ ಬೆರಳು ಮಾಡಬೇಕಾದ ಕೆಲಸದ ಬಹುಭಾಗವನ್ನು ಇಲ್ಲಿ ತುಟಿ, ಉಸಿರು, ಗಂಟಲುಗಳು ಮಾಡಬೇಕು. ತುಟಿಯ ಒತ್ತಡ ಎಳ್ಳಷ್ಟು ಸಡಿಲಾದರೆ ಸ್ವರ ಇಳಿಯುತ್ತದೆ. ಎಳ್ಳಷ್ಟು ಬಿಗಿಯಾದರೆ ಏರುತ್ತದೆ. ತೋಡಿಯ ಗಾಂಧಾರ ಅಲುಗುವುದೂ ಶಂಕರಾಭರಣದ ಗಾಂಧಾರ ನಿಲ್ಲುವುದೂ ಈ ಎಳ್ಳಿನ ಅಂತರದಲ್ಲಿ.

ಭಂಗಿಯ ಪ್ರಶ್ನೆ ಮಹತ್ತ್ವ ಪಡೆಯುವುದು ಇಲ್ಲಿಯೇ. ಕೇವಲ ನಡಿಗೆಯ ತಾಳಕ್ಕೆ ಊದುವವನಿಗೆ ವಾದ್ಯ ಒಂದು ಅಂಗುಲ ಅತ್ತಿತ್ತ ಸರಿದರೂ ನಡೆದೀತು. ತುಟಿಯಲ್ಲಿಯೇ ರಾಗವನ್ನು ಹಿಡಿದಿರುವವನಿಗೆ ಹಾಗಲ್ಲ. ಮೈ ಅಲುಗಿದರೆ ಕೊರಳು ಅಲುಗುತ್ತದೆ, ಕೊರಳು ಅಲುಗಿದರೆ ತುಟಿ ಅಲುಗುತ್ತದೆ, ತುಟಿ ಅಲುಗಿದರೆ ಶ್ರುತಿಯೇ ಅಲುಗುತ್ತದೆ. ಗೋಪಾಲನಾಥರು ಕಛೇರಿಯ ವೇದಿಕೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತರು. ಪಿಟೀಲು, ಮೃದಂಗ, ಮೋರ್ಸಿಂಗುಗಳ ನಡುವೆ, ಅವರೆಲ್ಲರ ಸಮಕ್ಕೆ, ನೆಲದ ಮೇಲೆ. ನಮ್ಮ ಕಛೇರಿಯ ಸಂಪ್ರದಾಯ ಕೇಳುವುದು ಅದನ್ನೇ. ಪರದೇಶದಿಂದ ಬಂದ ವಾದ್ಯಕ್ಕೆ ನಮ್ಮ ಮನೆಯ ಪಂಕ್ತಿಯಲ್ಲಿ ಎಲೆ ಹಾಕಿದಂತೆ ಅದು. ಆದರೆ ಎಲೆಯ ಮುಂದೆ ಕುಳಿತ ಅತಿಥಿಗೆ ಊಟ ಸಲೀಸಾಗಬೇಕಲ್ಲವೇ? ನಿಂತು ನುಡಿಸಲು ರೂಪಿಸಿದ ವಾದ್ಯವನ್ನು ಕುಳಿತು ನುಡಿಸುವಾಗ ನಾಲ್ಕು ಸಂಗತಿಗಳು ಬದಲಾಗುತ್ತವೆ.

ಮೊದಲನೆಯದು: ಉಸಿರು

ಎದೆಗೂಡಿನ ಕೆಳಗೆ, ಹೊಟ್ಟೆಯ ಮೇಲೆ ಕೊಡೆಯಂತೆ ಹರಡಿರುವ ಸ್ನಾಯುವಿಗೆ ವಪೆ ಎಂದು ಹೆಸರು. ನಾವು ಉಸಿರೆಳೆದಾಗ ಅದು ಕೆಳಗಿಳಿದು ಶ್ವಾಸಕೋಶಗಳಿಗೆ ಎಡೆಮಾಡಿಕೊಡುತ್ತದೆ. ಬೆನ್ನು ಬಾಗಿಸಿ ಕುಳಿತರೆ ಎದೆಗೂಡು ಹೊಟ್ಟೆಯ ಮೇಲೆ ಕುಸಿಯುತ್ತದೆ. ವಪೆ ಇಳಿಯಲು ಜಾಗವಿರುವುದಿಲ್ಲ. ಸೆಳೆದುಕೊಳ್ಳುವ ಗಾಳಿಯ ಪ್ರಮಾಣವೂ, ಅದನ್ನು ಹದವಾಗಿ ಬಿಡುವ ಹಿಡಿತವೂ ಕಡಿಮೆಯಾಗುತ್ತವೆ. ದೀರ್ಘವಾದ ಸ್ವರದ ಕೊನೆಯಲ್ಲಿ ನಾದ ತೆಳುವಾಗಿ ನಡುಗುವುದು ಇದರಿಂದಲೇ. ಆ ಕೊರತೆಯನ್ನು ನುಡಿಸುವವನು ತಿಳಿಯದೆಯೇ ತುಟಿ ಬಿಗಿದು ತುಂಬಲು ನೋಡುತ್ತಾನೆ. ಆಗ ಸ್ವರ ಹಿಂಡಿದಂತಾಗಿ, ಶ್ರುತಿ ಏರುತ್ತದೆ.

ನಿಂತಾಗ ಬೆನ್ನು ಸಹಜವಾಗಿಯೇ ನೆಟ್ಟಗಿರುತ್ತದೆ. ಕಾಲು ಮಡಿಸಿ ನೆಲದ ಮೇಲೆ ಕುಳಿತಾಗ ಸೊಂಟ ಹಿಂದಕ್ಕೆ ವಾಲಿ, ಬೆನ್ನಿನ ಕೆಳಭಾಗ ಬಿಲ್ಲಿನಂತಾಗುವ ಸಂಭವ ಹೆಚ್ಚು. ಇದಕ್ಕೆ ಹಿರಿಯರು ಕಂಡುಕೊಂಡ ಉಪಾಯ ಬಹು ಸರಳವಾದುದು. ಮಡಿಸಿದ ಕಂಬಳಿಯನ್ನೋ ಚಿಕ್ಕ ದಿಂಬನ್ನೋ ಕೆಳಗಿಟ್ಟುಕೊಂಡು ಕುಳಿತರೆ, ಸೊಂಟ ಮೊಣಕಾಲುಗಳಿಗಿಂತ ತುಸು ಎತ್ತರಕ್ಕೆ ಬರುತ್ತದೆ. ಬೆನ್ನು ತಾನಾಗಿಯೇ ನಿಲ್ಲುತ್ತದೆ. ಹೀಗೆ ಕುಳಿತವನಿಗೆ ನಿಂತವನಿಗಿಲ್ಲದ ಲಾಭವೊಂದುಂಟು. ಮೈಯ ಬುಡ ಅಗಲವಾಗಿ ನೆಲಕ್ಕೆ ಊರಿರುವುದರಿಂದ ಮೇಲಿನ ಭಾಗ ತೂಗಾಡುವುದಿಲ್ಲ. ಯೋಗಾಸನದಲ್ಲಿ ಕುಳಿತವನ ಉಸಿರು ಹೇಗೆ ಶಾಂತವಾಗಿರುತ್ತದೆಯೋ ಹಾಗೆಯೇ ಸರಿಯಾಗಿ ಕುಳಿತ ವಾದಕನ ಉಸಿರೂ.

ಎರಡನೆಯದು: ಕೊರಳು ಮತ್ತು ತುಟಿ

ಸ್ಯಾಕ್ಸೊಫೋನಿನ ಮೌತ್‌ಪೀಸು ಹೆಚ್ಚು ಕಡಮೆ ನೆಲಕ್ಕೆ ಸಮಾನಾಂತರವಾಗಿ ಬಾಯಿಯನ್ನು ಪ್ರವೇಶಿಸಬೇಕು. ಕ್ಲಾರಿನೆಟ್ಟಿನಂತೆ ಕೆಳಮುಖವಾಗಿ ಇಳಿಬೀಳುವಂತಿಲ್ಲ. ಇದನ್ನು ನಿರ್ಧರಿಸುವುದು ಕೊರಳಪಟ್ಟಿಯ ಉದ್ದ. ಪಟ್ಟಿ ಸಡಿಲಾಗಿ ವಾದ್ಯ ಕೆಳಗೆ ಜೋತುಬಿದ್ದರೆ, ವಾದಕನು ಗದ್ದವನ್ನು ಎದೆಗೆ ತಗ್ಗಿಸಿ ಅದನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ. ಗದ್ದ ತಗ್ಗಿದೊಡನೆ ಗಂಟಲಿನ ದಾರಿ ಕಿರಿದಾಗುತ್ತದೆ, ಜೊಂಡಿನ ಸೀಳು ತುಟಿಯ ಮೇಲೆ ಬೇರೊಂದು ಕೋನದಲ್ಲಿ ಒತ್ತುತ್ತದೆ, ನಾದ ಮಂಕಾಗುತ್ತದೆ. ಪಟ್ಟಿ ಅತಿ ಬಿಗಿಯಾಗಿ ವಾದ್ಯ ಮೇಲೇರಿದರೆ ತಲೆ ಹಿಂದಕ್ಕೆ ಸರಿದು, ಕತ್ತಿನ ನರಗಳು ಬಿಗಿದುಕೊಂಡು, ಸ್ವರ ಕೀರಲಾಗುತ್ತದೆ. ಅನುಭವಸ್ಥರಾದ ಗುರುಗಳು ಹೇಳುವ ಸೂತ್ರ ಒಂದೇ: ಬಾಯಿ ವಾದ್ಯದ ಬಳಿಗೆ ಹೋಗಬಾರದು, ವಾದ್ಯ ಬಾಯಿಯ ಬಳಿಗೆ ಬರಬೇಕು.

ಆದುದರಿಂದ ನಿಂತಾಗ ಹೊಂದಿಸಿದ ಪಟ್ಟಿಯನ್ನು ಕುಳಿತಾಗ ಮತ್ತೆ ಹೊಂದಿಸಲೇಬೇಕು. ಕುಳಿತವನ ತೊಡೆಯೂ ಮೊಣಕಾಲೂ ವಾದ್ಯವನ್ನು ತುಸು ಮೇಲಕ್ಕೋ ಪಕ್ಕಕ್ಕೋ ಸರಿಸುತ್ತವೆ. ಕೆಲವರು ವಾದ್ಯವನ್ನು ಮೈಯ ನಟ್ಟನಡುವೆ ಹಿಡಿಯುತ್ತಾರೆ. ಕೆಲವರು ಬಲತೊಡೆಯ ಪಕ್ಕಕ್ಕೆ ಇಳಿಬಿಡುತ್ತಾರೆ. ಎರಡೂ ರೂಢಿಯಲ್ಲಿವೆ, ಎರಡೂ ಸರಿಯೇ. ಆದರೆ ಪಕ್ಕಕ್ಕೆ ಹಿಡಿದಾಗ ಮೌತ್‌ಪೀಸೂ ವಾರೆಯಾಗಿ ಬಾಯಿಗೆ ಬರುತ್ತದೆ. ಆಗ ತಲೆಯನ್ನು ವಾಲಿಸುವುದು ತಪ್ಪು. ಮೌತ್‌ಪೀಸನ್ನೇ ತುಸು ತಿರುಗಿಸಿ ನೇರಮಾಡಿಕೊಳ್ಳುವುದು ಸರಿ. ಕಲಿಯುವ ಮಕ್ಕಳು ತಲೆಯನ್ನು ವಾಲಿಸಿಯೇ ಅಭ್ಯಾಸ ಮಾಡಿ, ಎಡತುಟಿಯ ಬಳಿ ಗಾಳಿ ಸೋರುತ್ತಿರುವುದಕ್ಕೆ ಜೊಂಡಿನ ಸೀಳನ್ನು ದೂರುವುದುಂಟು!

ಮೂರನೆಯದು: ಅರಳಿದ ಬಾಯಿಯ ದಿಕ್ಕು

ಸ್ಯಾಕ್ಸೊಫೋನಿನ ದನಿಯೆಲ್ಲ ಅದರ ಅರಳಿದ ತುದಿಯಿಂದಲೇ ಬರುತ್ತದೆಂದು ಹಲವರು ನಂಬಿದ್ದಾರೆ. ಇದು ಅರ್ಧಸತ್ಯ. ಬಹುಪಾಲು ಸ್ವರಗಳಲ್ಲಿ ನಾದದ ದೊಡ್ಡ ಭಾಗ ಹೊರಬರುವುದು ತೆರೆದ ರಂಧ್ರಗಳಿಂದ. ಎಲ್ಲ ರಂಧ್ರಗಳನ್ನೂ ಮುಚ್ಚಿ ನುಡಿಸುವ ಅತಿ ಕೆಳಗಿನ ಸ್ವರ ಮಾತ್ರ ಪೂರ್ತಿಯಾಗಿ ತುದಿಯಿಂದ ಬರುತ್ತದೆ. ಆದರೆ ಯಾವ ಸ್ವರವೇ ಆಗಲಿ, ಅದಕ್ಕೆ ಹೊಳಪು ಕೊಡುವ ಅತಿ ಸೂಕ್ಷ್ಮವಾದ ಮೇಲಿನ ಕಂಪನಗಳು ತೆರೆದ ರಂಧ್ರಗಳನ್ನು ದಾಟಿ ಮುಂದೆ ಸಾಗಿ, ತುದಿಯ ಮೂಲಕ ಹೊರಟು, ಅದು ಎತ್ತ ಮುಖ ಮಾಡಿದೆಯೋ ಅತ್ತಲೇ ನೇರವಾಗಿ ಸಾಗುತ್ತವೆ. ದೀಪದ ಬೆಳಕು ಕೋಣೆಯನ್ನೆಲ್ಲ ತುಂಬಿದರೆ, ಬ್ಯಾಟರಿಯ ಬೆಳಕು ಒಂದೇ ದಿಕ್ಕಿಗೆ ಬೀಳುವಂತೆ.

ಆದಕಾರಣ ನಿಂತ ವಾದಕನ ವಾದ್ಯದ ತುದಿ ಸಭೆಯ ಎದೆಯ ಮಟ್ಟಕ್ಕೆ ಮುಖ ಮಾಡಿದ್ದರೆ, ಮುಂದಿನ ಸಾಲಿನವರಿಗೆ ನಾದ ಹೊಳೆಹೊಳೆಯುತ್ತ ಕೇಳಿಸುತ್ತದೆ. ಪಕ್ಕದಲ್ಲಿ ಕುಳಿತವರಿಗೆ ಅದೇ ನಾದ ಮೃದುವಾಗಿರುತ್ತದೆ. ನೆಲದ ಮೇಲೆ ಕುಳಿತವನ ವಾದ್ಯದ ತುದಿ ಮಡಿಲಿನ ಬಳಿ ಇರುತ್ತದೆ. ಸುತ್ತಲಿನ ಜಮಖಾನ, ಉಟ್ಟ ಪಂಚೆ ಇವೆಲ್ಲ ಆ ಸೂಕ್ಷ್ಮ ಕಂಪನಗಳನ್ನು ಸ್ವಲ್ಪಮಟ್ಟಿಗೆ ಹೀರಿಕೊಳ್ಳುತ್ತವೆ. ನಾದ ದುಂಡಾಗುತ್ತದೆ, ತುಸು ತಗ್ಗುತ್ತದೆ. ಇಂದಿನ ಕಛೇರಿಗಳಲ್ಲಿ ತುದಿಯ ಮುಂದೆಯೇ ಧ್ವನಿಗ್ರಾಹಕವನ್ನಿಡುವುದರಿಂದ ಈ ಭೇದ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಧ್ವನಿವರ್ಧಕವಿಲ್ಲದ ಚಿಕ್ಕ ಕೋಣೆಯಲ್ಲಿ ಕೇಳಿದವರಿಗೆ ಅದು ಸ್ಪಷ್ಟವಾಗಿ ತಿಳಿಯುತ್ತದೆ.

ಕುಳಿತು ನುಡಿಸುವವರು ಜಾಗರೂಕರಾಗಿರಬೇಕಾದ ಇನ್ನೊಂದು ವಿಚಾರವಿದೆ. ಆಲ್ಟೋ ವಾದಕರಲ್ಲಿ ಹಳೆಯದೊಂದು ಚಮತ್ಕಾರ ಪ್ರಸಿದ್ಧವಾಗಿದೆ. ವಾದ್ಯದ ಅತಿ ಕೆಳಗಿನ ಸ್ವರವನ್ನು ನುಡಿಸುತ್ತಿರುವಾಗಲೇ ಮೊಣಕಾಲನ್ನೆತ್ತಿ ಅರಳಿದ ಬಾಯಿಯನ್ನು ಭಾಗಶಃ ಮುಚ್ಚಿದರೆ, ಸ್ವರ ಇನ್ನೂ ಅರ್ಧ ಮೆಟ್ಟಿಲು ಕೆಳಗಿಳಿಯುತ್ತದೆ. ವಾದ್ಯದಲ್ಲಿ ಇಲ್ಲದ ಸ್ವರವೊಂದು ಹೀಗೆ ಹುಟ್ಟುತ್ತದೆ! ಬೇಕೆಂದು ಮಾಡಿದಾಗ ಇದು ಚಮತ್ಕಾರ. ಬೇಡವಾದಾಗ ಇದೇ ದೋಷ. ಚಕ್ಕಳಮಕ್ಕಳ ಹಾಕಿದವನ ತೊಡೆಯಾಗಲಿ ಬಟ್ಟೆಯ ನೆರಿಗೆಯಾಗಲಿ ಆ ಬಾಯಿಗೆ ಅಡ್ಡ ಬಂದರೆ ಮಂದ್ರದ ಸ್ವರಗಳು ಶ್ರುತಿ ತಪ್ಪಿ, ಹೂತುಹೋದಂತೆ ಕೇಳುತ್ತವೆ. ತುದಿಗೂ ಮಡಿಲಿಗೂ ನಡುವೆ ಒಂದು ಗೇಣಿನಷ್ಟಾದರೂ ಬಯಲಿರಬೇಕೆಂಬುದು ಇದಕ್ಕಾಗಿಯೇ.

ನಾಲ್ಕನೆಯದು: ನುಡಿಸುವವನ ಕಿವಿ

ವಾದಕನ ಮೇಲಿನ ಹಲ್ಲುಗಳು ಮೌತ್‌ಪೀಸಿನ ಮೇಲೆ ಊರಿರುತ್ತವೆ. ಆದುದರಿಂದ ನಾದ ಅವನಿಗೆ ಗಾಳಿಯ ಮೂಲಕ ಮಾತ್ರವಲ್ಲದೆ, ಹಲ್ಲು ಮತ್ತು ತಲೆಯ ಮೂಳೆಗಳ ಮೂಲಕವೂ ಕೇಳಿಸುತ್ತದೆ. ಸಭಿಕರು ಕೇಳುವ ನಾದ ಬೇರೆ, ಅವನು ಕೇಳುವ ನಾದ ಬೇರೆ. ಕುಳಿತಾಗ ನೆಲದಿಂದ, ನಿಂತಾಗ ಗೋಡೆಯಿಂದ ಮರಳಿ ಬರುವ ದನಿಯೂ ಬದಲಾಗುತ್ತದೆ. ಭಂಗಿ ಬದಲಾದೊಡನೆ ನಾದವೇ ಬದಲಾಯಿತೆಂದು ವಾದಕನಿಗೆ ಅನ್ನಿಸುವುದು ಎಷ್ಟೋ ವೇಳೆ ಕಿವಿಯ ಭ್ರಮೆ. ಹತ್ತು ಹೆಜ್ಜೆ ದೂರದಲ್ಲಿ ಧ್ವನಿಮುದ್ರಣ ಯಂತ್ರವನ್ನಿಟ್ಟು, ಕುಳಿತು ಒಮ್ಮೆ, ನಿಂತು ಒಮ್ಮೆ ನುಡಿಸಿ ಕೇಳಿದರೆ ನಿಜಸ್ಥಿತಿ ತಿಳಿಯುತ್ತದೆ. ಇಂದು ಜೇಬಿನಲ್ಲಿರುವ ದೂರವಾಣಿಯೇ ಆ ಯಂತ್ರವೂ ಆಗಿರುವುದರಿಂದ ಈ ಪರೀಕ್ಷೆ ಯಾರಿಗೂ ಕಷ್ಟವಲ್ಲ.

ಭಂಗಿ ಮಾಡದ ಕೆಲಸ

ಇಷ್ಟನ್ನು ಕೇಳಿ, ಒಬ್ಬ ಕಲಾವಿದನ ಭಂಗಿಯನ್ನು ಅನುಕರಿಸಿದರೆ ಅವನ ನಾದವೂ ಬರುತ್ತದೆಂದು ಯಾರಾದರೂ ಭಾವಿಸಿದರೆ ಅವರಿಗೆ ನಿರಾಶೆ ತಪ್ಪಿದ್ದಲ್ಲ. ಅಮೆರಿಕದ ಜಾಜ್ ಸಂಗೀತದಲ್ಲಿ ಲೆಸ್ಟರ್ ಯಂಗ್ ಎಂಬ ಮಹಾ ವಾದಕನಿದ್ದ. 1909ರಲ್ಲಿ ಹುಟ್ಟಿ 1959ರಲ್ಲಿ ತೀರಿಕೊಂಡ ಆತ ತನ್ನ ದೊಡ್ಡ ಟೆನರ್ ಸ್ಯಾಕ್ಸೊಫೋನನ್ನು ಕೊಳಲಿನಂತೆ ಪಕ್ಕಕ್ಕೆ ಎತ್ತಿ, ಹೆಚ್ಚು ಕಡಮೆ ಅಡ್ಡಲಾಗಿ ಹಿಡಿಯುತ್ತಿದ್ದ. ಅವನ ನಾದ ಗಾಳಿಯಲ್ಲಿ ತೇಲುವಷ್ಟು ಹಗುರ. ನೋಡಿದವರು ಈ ಎರಡನ್ನೂ ಒಂದಕ್ಕೊಂದು ಗಂಟುಹಾಕಿದರು. ಅನೇಕ ಯುವಕರು ವಾದ್ಯವನ್ನು ಓರೆಯಾಗಿ ಎತ್ತಿದರು. ನಾದ ಮಾತ್ರ ಏರಲಿಲ್ಲ. ಯಂಗನ ಆ ಹಗುರ ನಾದದ ಮೂಲ, ಎಳೆಯ ವಯಸ್ಸಿನಲ್ಲಿ ಆತ ಫ್ರ್ಯಾಂಕಿ ಟ್ರಂಬಾವರ್ ಎಂಬ ವಾದಕನ ಧ್ವನಿಮುದ್ರಿಕೆಗಳನ್ನು ಕೇಳಿ ಮನಸ್ಸಿನಲ್ಲಿ ತುಂಬಿಕೊಂಡ ದನಿಯಲ್ಲಿತ್ತು. ಮುಂದೆ ಯಂಗ್ ವಾದ್ಯವನ್ನು ಕೆಳಗಿಳಿಸಿ ಹಿಡಿದಾಗಲೂ ಅದು ಯಂಗನ ನಾದವಾಗಿಯೇ ಉಳಿಯಿತು.

ವಿಜ್ಞಾನಿಗಳ ಶೋಧನೆಯೂ ಇದನ್ನೇ ಹೇಳುತ್ತದೆ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಸ್ಯಾಕ್ಸೊಫೋನು ವಾದಕರ ಬಾಯಿಯೊಳಗಿನ ಧ್ವನಿಗುಣಗಳನ್ನು ಅವರು ನುಡಿಸುತ್ತಿರುವಾಗಲೇ ಅಳೆದು, 2008ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ವಾದ್ಯದ ಸಾಮಾನ್ಯ ಮೇರೆಯನ್ನು ಮೀರಿದ ಅತಿ ತಾರದ ಸ್ವರಗಳನ್ನು ನುರಿತವರು ಮಾತ್ರ ನುಡಿಸಬಲ್ಲರು. ಅವರು ನಾಲಗೆ, ಗಂಟಲುಗಳ ಆಕಾರವನ್ನು ಬದಲಿಸಿ, ಬಾಯಿಯೊಳಗಿನ ಪೊಳ್ಳನ್ನೇ ಆ ಸ್ವರಕ್ಕೆ ಶ್ರುತಿಮಾಡಿಕೊಳ್ಳುತ್ತಾರೆ. ಹೊಸಬರಿಗೆ ಅದು ಸಾಧ್ಯವಾಗುವುದಿಲ್ಲ. ಹೊರಗಣ್ಣಿಗೆ ಕಾಣುವ ಭಂಗಿಗಿಂತ ಕಾಣದ ಭಂಗಿಯೇ ಮುಖ್ಯವೆಂದಾಯಿತು. ಹೊರಗಿನ ಭಂಗಿಯ ಕೆಲಸವಿಷ್ಟೇ: ಒಳಗಿನ ಭಂಗಿಗೆ ಅಡ್ಡಿಬಾರದಿರುವುದು. ಕುಗ್ಗಿದ ಬೆನ್ನು, ತಗ್ಗಿದ ಗದ್ದ, ಬಿಗಿದ ಹೆಗಲು ಇವು ನಾದವನ್ನು ಕೆಡಿಸಬಲ್ಲವು. ನೆಟ್ಟಗಿನ ಬೆನ್ನು ನಾದವನ್ನು ತಾನೇ ಸೃಷ್ಟಿಸಲಾರದು. ಸೃಷ್ಟಿಸುವವನಿಗೆ ದಾರಿ ಬಿಡಬಲ್ಲದು.

ಒಂದೇ ವಾದ್ಯ, ಇಬ್ಬರು ಕನ್ನಡಿಗರು

1980ರಲ್ಲಿ ಮುಂಬಯಿಯಲ್ಲಿ ನಡೆದ ಜಾಜ್ ಉತ್ಸವದಲ್ಲಿ ಗೋಪಾಲನಾಥರ ವಾದನವನ್ನು ಕೇಳಿದ ಅಮೆರಿಕದ ವಾದಕ ಜಾನ್ ಹ್ಯಾಂಡಿ, ಅವರೊಡನೆ ವೇದಿಕೆಯ ಮೇಲೆ ನುಡಿಸಲು ತಾನಾಗಿಯೇ ಅನುಮತಿ ಕೇಳಿದನಂತೆ. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿ.ಬಿ.ಸಿ.ಯ ಪ್ರಾಮನೇಡ್ ಕಛೇರಿಯಲ್ಲಿ ನುಡಿಸಿದ ಗೌರವವೂ ಅವರದಾಯಿತು. ಅದೇ ವರ್ಷ ತೆರೆಕಂಡ ‘ಡ್ಯುಯೆಟ್’ ಎಂಬ ತಮಿಳು ಚಲನಚಿತ್ರದಿಂದ ಅವರ ನಾದ ಮನೆಮನೆಗೂ ತಲಪಿತು. 2004ರಲ್ಲಿ ಭಾರತ ಸರ್ಕಾರ ಪದ್ಮಶ್ರೀ ನೀಡಿ ಅವರನ್ನು ಸನ್ಮಾನಿಸಿತು.

ಈ ನಡುವೆ ಅಮೆರಿಕದಲ್ಲಿ ಇನ್ನೊಂದು ಕಥೆ ಬೆಳೆಯುತ್ತಿತ್ತು. ಕರ್ನಾಟಕದಿಂದ ಹೋಗಿ ಅಲ್ಲಿ ನೆಲೆಸಿದ ಕುಟುಂಬದ ರುದ್ರೇಶ್ ಮಹಾಂತಪ್ಪ ಎಂಬ ಯುವಕ ಜಾಜ್ ಸ್ಯಾಕ್ಸೊಫೋನು ಕಲಿಯುತ್ತಿದ್ದ. ಒಮ್ಮೆ ಅವನ ಅಣ್ಣ ತಮಾಷೆಗೆಂದು ಒಂದು ಧ್ವನಿಮುದ್ರಿಕೆಯನ್ನು ಉಡುಗೊರೆಯಿತ್ತ. ಭಾರತೀಯ ಶೈಲಿಯ ಸ್ಯಾಕ್ಸೊಫೋನು ಎಂದರೆ ನಗುವ ವಿಷಯವೆಂದೇ ಅವರ ಎಣಿಕೆ. ಕೇಳಿದ ಮೇಲೆ ನಗು ನಿಂತು ಬೆರಗು ಮೂಡಿತು. ಅದು ಗೋಪಾಲನಾಥರ ವಾದನವಾಗಿತ್ತು. ಮುಂದೆ ಮಹಾಂತಪ್ಪ ಅಮೆರಿಕದ ಗಣ್ಯ ಜಾಜ್ ವಾದಕರಲ್ಲೊಬ್ಬರಾಗಿ ಬೆಳೆದು, ಗೋಪಾಲನಾಥರೊಡನೆ ಕೂಡಿ ನುಡಿಸಿದ ‘ಕಿನ್ಸ್‌ಮೆನ್’ ಎಂಬ ಮುದ್ರಿಕೆಯನ್ನು 2008ರಲ್ಲಿ ಹೊರತಂದರು. ಆ ಹೆಸರಿನ ಅರ್ಥ ‘ಬಂಧುಗಳು’ ಎಂದು.

ಈ ಮುದ್ರಿಕೆಯನ್ನು ಕೇಳುವವರಿಗೆ ಅದೊಂದು ಪಾಠಶಾಲೆಯೇ ಸರಿ. ಇಬ್ಬರದೂ ಆಲ್ಟೋ ಸ್ಯಾಕ್ಸೊಫೋನೇ. ಆದರೆ ಯಾರು ಯಾವಾಗ ನುಡಿಸುತ್ತಿದ್ದಾರೆಂದು ಗುರುತಿಸಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಒಬ್ಬರದು ಸ್ವರದಿಂದ ಸ್ವರಕ್ಕೆ ಎಣ್ಣೆಯಂತೆ ಜಾರುವ, ನಾದಸ್ವರದ ನೆನಪು ತರುವ ನಾದ. ಇನ್ನೊಬ್ಬರದು ನಾಲಗೆಯ ತುದಿಯಿಂದ ಕಡೆದು ನಿಲ್ಲಿಸಿದಂತಹ ಚೂಪಾದ ನಾದ. ಕುಳಿತ ಪರಂಪರೆಯ ದನಿ ಒಂದು, ನಿಂತ ಪರಂಪರೆಯ ದನಿ ಇನ್ನೊಂದು. ಕುಳಿತುದರಿಂದ ಹಾಗಾಯಿತು, ನಿಂತುದರಿಂದ ಹೀಗಾಯಿತು ಎಂದರೆ ತಪ್ಪಾದೀತು. ಎರಡು ಸಂಗೀತಗಳು ಎರಡು ಬಗೆಯ ಉಸಿರನ್ನು ಬಯಸಿದುವು. ಆಯಾ ಉಸಿರಿಗೆ ತಕ್ಕಂತೆ ಮೈ ನೆಲೆಗೊಂಡಿತು ಎಂದರೆ ಸತ್ಯಕ್ಕೆ ಹತ್ತಿರವಾದೀತು.

ಮನೆಯಲ್ಲೇ ಒಂದು ಪರೀಕ್ಷೆ

ವಾದ್ಯವಿಲ್ಲದ ಮನೆಯವರೂ ಈ ತತ್ತ್ವವನ್ನು ಪರೀಕ್ಷಿಸಿ ನೋಡಬಹುದು. ಮಕ್ಕಳಿಗಂತೂ ಇದೊಂದು ಒಳ್ಳೆಯ ಆಟ. ಬೆನ್ನು ಬಾಗಿಸಿ, ಗದ್ದವನ್ನು ಎದೆಗೆ ಒತ್ತಿ ಕುಳಿತು, ಒಂದೇ ಉಸಿರಿನಲ್ಲಿ ‘ಆ’ ಎಂದು ರಾಗ ಎಳೆಯಬೇಕು. ಇನ್ನೊಬ್ಬರು ಗಡಿಯಾರ ನೋಡಿ ಎಷ್ಟು ಸೆಕೆಂಡು ಎಂದು ಬರೆದುಕೊಳ್ಳಲಿ. ಅನಂತರ ಮಡಿಸಿದ ಹೊದಿಕೆಯ ಮೇಲೆ ನೆಟ್ಟಗೆ ಕುಳಿತು, ನೋಟವನ್ನು ಎದುರಿಗೆ ನೆಟ್ಟು, ಮತ್ತೆ ಅದೇ ‘ಆ’. ಮೂರನೆಯ ಬಾರಿ ನಿಂತು. ಎರಡನೆಯ ಮತ್ತು ಮೂರನೆಯ ಲೆಕ್ಕಗಳ ನಡುವಿನ ಅಂತರ ಸಾಮಾನ್ಯವಾಗಿ ಚಿಕ್ಕದು. ಮೊದಲನೆಯದಕ್ಕೂ ಇವೆರಡಕ್ಕೂ ಇರುವ ಅಂತರವೇ ದೊಡ್ಡದು. ಸಂಗತಿ ಕುಳಿತುಕೊಳ್ಳುವುದೋ ನಿಲ್ಲುವುದೋ ಎಂಬುದರಲ್ಲಿಲ್ಲ. ಹೇಗೆ ಎಂಬುದರಲ್ಲಿದೆ ಎಂದು ಯಾರೂ ಹೇಳದೆಯೇ ಮಕ್ಕಳಿಗೆ ತಿಳಿಯುತ್ತದೆ.

ವಾದ್ಯ ಕಲಿಯುವ ಮಕ್ಕಳಿರುವ ಮನೆಯಲ್ಲಿ ಹಿರಿಯರು ಗಮನಿಸಬೇಕಾದ ವಿಚಾರ ಒಂದುಂಟು. ಹತ್ತು ಹನ್ನೆರಡು ವರ್ಷದ ಮಗುವಿನ ಎಳೆಯ ಕೊರಳಿಗೆ ಎರಡೂವರೆ ಕಿಲೋಗ್ರಾಂ ತೂಗುಹಾಕಿ, ತಾಸುಗಟ್ಟಲೆ ನಿಲ್ಲಿಸಿ ಅಭ್ಯಾಸ ಮಾಡಿಸುವುದು ಸಲ್ಲದು. ಹೆಗಲೆರಡರ ಮೇಲೂ ಭಾರವನ್ನು ಹಂಚುವ ಪಟ್ಟಿಗಳು ದೊರೆಯುತ್ತವೆ. ಇಪ್ಪತ್ತು ನಿಮಿಷಕ್ಕೊಮ್ಮೆ ವಾದ್ಯವನ್ನು ಕೆಳಗಿಟ್ಟು ಮೈ ಸಡಿಲಿಸಿದರೆ ಪಾಠವೇನೂ ಹಿಂದೆ ಬೀಳುವುದಿಲ್ಲ. ಹೆಬ್ಬೆರಳು, ಕೊರಳು, ಬೆನ್ನಿನ ನೋವನ್ನು ಮಗು ಹೇಳಿಕೊಂಡಾಗ ಅದನ್ನು ಸೋಮಾರಿತನವೆಂದು ತಳ್ಳಿಹಾಕಬಾರದು. ಮಗುವಿನ ನಾದ ಒಂದು ವಾರದಿಂದ ಮಂಕಾಗಿದ್ದರೆ, ಹೊಸ ಮೌತ್‌ಪೀಸನ್ನು ಕೊಳ್ಳುವ ಮೊದಲು ಅದು ಕುಳಿತ ರೀತಿಯನ್ನೊಮ್ಮೆ ನೋಡುವುದು ಲೇಸು. ಅದಕ್ಕೆ ಕಾಸಿನ ಖರ್ಚೂ ಇಲ್ಲ.

ಈ ಮಾತು ಮಕ್ಕಳಿಗೆ ಮಾತ್ರವಲ್ಲ. ಕರಾವಳಿಯ ದೇವಸ್ಥಾನಗಳ ಉತ್ಸವಗಳಲ್ಲಿ, ಭೂತಕೋಲಗಳಲ್ಲಿ, ಮದುವೆಗಳಲ್ಲಿ ಸ್ಯಾಕ್ಸೊಫೋನು ಇಂದು ನಾದಸ್ವರದ ಜೊತೆಗಾರನಾಗಿ ಬೇರೂರಿದೆ. ರಾತ್ರಿಯಿಡೀ ನಿಂತು ನುಡಿಸುವವರು, ಹಗಲೆಲ್ಲ ಕುಳಿತು ನುಡಿಸುವವರು ಅನೇಕರಿದ್ದಾರೆ. ಕೊನೆಯ ಜಾವದಲ್ಲಿ ಅವರ ನಾದ ಬಳಲಿದರೆ ಅದು ವಿದ್ಯೆಯ ಕೊರತೆಯಲ್ಲ, ಬೆನ್ನಿನ ಬಳಲಿಕೆ. ಚಪ್ಪರ ಹಾಕಿಸುವವರು ವಾದ್ಯದವರಿಗೆ ಮೂಲೆಯಲ್ಲೊಂದು ಹರಕು ಚಾಪೆಯ ಬದಲು ಮಟ್ಟಸವಾದ ಒಂದು ಮಣೆ, ಒಂದು ದಿಂಬು, ಕಾಲು ಚಾಚಲು ಒಂದಿಷ್ಟು ಜಾಗ ಒದಗಿಸಿಕೊಟ್ಟರೆ ಅದರ ಫಲ ತಮ್ಮ ಕಿವಿಗೇ ದೊರೆಯುತ್ತದೆ.

ಗೋಪಾಲನಾಥರು 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ನಿಧನರಾದರು. ಅವರ ವಾದನದ ದೃಶ್ಯಮುದ್ರಿಕೆಗಳು ಉಳಿದಿವೆ. ಅವನ್ನು ಮೊದಲು ಕಣ್ಣು ಮುಚ್ಚಿ ಕೇಳಬೇಕು. ಆಮೇಲೆ ಶಬ್ದ ತಗ್ಗಿಸಿ, ಕಣ್ಣಿನಿಂದ ನೋಡಬೇಕು. ಬಣ್ಣದ ರೇಷ್ಮೆಯ ಜುಬ್ಬ, ಹಣೆಯ ಮೇಲೆ ಕುಂಕುಮ, ಮಡಿಸಿದ ಕಾಲುಗಳು, ಮಡಿಲ ಬಳಿ ಹೊಳೆಯುವ ಹಿತ್ತಾಳೆಯ ಹೂವು. ಗಮಕಗಳ ಸುಳಿಯಲ್ಲಿ ಬೆರಳುಗಳು ಓಡುತ್ತಿದ್ದರೂ ನೆಲಕ್ಕೆ ಊರಿದ ಆ ಕುಳಿತ ಮೈ ತನ್ನ ನೆಲೆ ಬಿಡದು. ಅದನ್ನು ನೋಡಿದ ಮೇಲೆ, ಆ ವಾದ್ಯ ಎಂದೋ ದಂಡಿನೊಡನೆ ಬೀದಿಯಲ್ಲಿ ನಡೆಯುತ್ತಿತ್ತೆಂಬುದೇ ನಂಬಲು ಕಷ್ಟವಾಗುತ್ತದೆ.